ಉಪ್ಪು ಬಿಡಿಸಿದವನು ನಾನು

ಮೊಮ್ಮಗಳಿಗೆ ಆಗ ಹದಿನಾರು. ದೊಡ್ಡಬಳ್ಳಾಪುರಕ್ಕೆ ಪಿಯುಸಿ ಓದಲು ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ತಿಂಗಳು ನಿದ್ದೆಯೇ ಇಲ್ಲದೆ, ಮಾತು ನಿಲ್ಲಿಸದೆ, ಊರಿನ ಮಕ್ಕಳಿಗೆಲ್ಲ ಶಾಲೆ ತೆರೆಯುತ್ತೇನೆಂದು ನಮ್ಮ ಕೊಟ್ಟಿಗೆಗೆ ಬಣ್ಣ ಬಳಿದಳು. ಅದನ್ನು ನಾನು ಕೊಬ್ಬು ಎಂದೆ. ಆಮೇಲೆ ಎರಡು ತಿಂಗಳು ತಲೆ ಬಾಚದೆ, ಗೋಡೆಗೆ ಮುಖ ಮಾಡಿ ಮಲಗಿದಳು. ಅದನ್ನು ಸೋಮಾರಿತನ ಎಂದೆ. ಎರಡೂ ಒಂದೇ ಕಾಯಿಲೆ, ಹೆಸರು ಬೈಪೋಲಾರ್ ಎಂದು ಡಾಕ್ಟರು ಹೇಳಿ ಲಿಥಿಯಂ ಮಾತ್ರೆ ಬರೆದುಕೊಟ್ಟರು. ಆಗಾಗ ರಕ್ತ ಪರೀಕ್ಷೆ ಆಗಬೇಕು, ನೀರು ಚೆನ್ನಾಗಿ ಕುಡಿಯಬೇಕು, ಊಟದಲ್ಲಿ ಉಪ್ಪನ್ನು ಇದ್ದಕ್ಕಿದ್ದಂತೆ ಕಡಿಮೆ ಮಾಡಬಾರದು ಎಂದರು. ಪಕ್ಕದ ಕುರ್ಚಿಯಲ್ಲಿ ಕೂತು ನಾನೂ ಕೇಳಿಸಿಕೊಂಡಿದ್ದೆ.

ಮಾತ್ರೆ ಹಿಡಿಯಿತು. ಹುಡುಗಿ ಮತ್ತೆ ಕಾಲೇಜಿಗೆ ಹೊರಟಳು. ನನಗೆ ಮಾತ್ರ ಅದು ಮನೆದೇವರ ಕೃಪೆ. ಅವಳಿಗೆ ವಾಸಿಯಾದರೆ ಅವಳಿಂದಲೇ ಇಪ್ಪತ್ತೊಂದು ದಿನ ಉಪ್ಪಿಲ್ಲದ ಸಪ್ಪೆ ಊಟ ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದೆ. ಅದನ್ನು ತೀರಿಸಲು ಶುರುಮಾಡಿದೆ.

"ಮಾವ, ಉಪ್ಪು ಬಿಡ್ಬೇಡಿ ಅಂದಿದ್ರಲ್ವಾ ಡಾಕ್ಟ್ರು?" ಎಂದಳು ಸೊಸೆ.

"ಡಾಕ್ಟ್ರು ಮೊನ್ನೆ ಬಂದೋರು. ದೇವ್ರು ನಮ್ಮಪ್ಪನ ಕಾಲಕ್ಕೂ ಇದ್ದೋನು. ನನ್ನ ಮಗನ್ ಕಿವಿಗೆ ಮಾತ್ರ ಹಾಕ್ಬೇಡ."

ಮಗನದು ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಕೆಲಸ, ಊಟವೂ ಅಲ್ಲಿಯೇ. ಅವನಿಗೆ ತಿಳಿಯಲಿಲ್ಲ.

"ತಾತ, ಇದನ್ನ ನಮ್ಮೆಮ್ಮೆನೂ ಮೂಸಲ್ಲ. ನೀನೊಂದ್ ತುತ್ತು ತಿನ್ನು ನೋಡಣ," ಎಂದಳು ಮೊಮ್ಮಗಳು. ನಾನು ತಿನ್ನಲಿಲ್ಲ.

ಹದಿನೈದನೆಯ ದಿನ ಅವಳ ಕೈ ನಡುಗಿ ಲೋಟ ಬಿತ್ತು. ವಾಂತಿಯಾಯಿತು, ಮಾತು ತೊದಲಿತು, ಕಾಲು ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಲಿಥಿಯಂ ವಿಪರೀತ ಏರಿದೆ ಎಂದರು. ಊಟದಲ್ಲೇನಾದರೂ ಬದಲಾಯಿತೇ ಎಂದು ನನ್ನನ್ನೂ ಕೇಳಿದರು. ಇಲ್ಲ ಎಂದೆ.

ಮಗ ಹೆಂಡತಿಯ ಮೇಲೆ ಹರಿಹಾಯ್ದ. "ಎಷ್ಟು ಮಾತ್ರೆ ನುಂಗ್ಸಿದ್ಯೇ? ಎಣಿಸೋಕ್ ಬರಲ್ವಾ ನಿಂಗೆ?"

ಸೊಸೆ ನನ್ನ ಮುಖ ನೋಡಿದಳು. ನಾನು ಔಷಧಿ ಚೀಟಿಯನ್ನು ಮಡಚುತ್ತ ಕೂತೆ. ನನ್ನ ಮಾತು ಮೀರಲಾರದೆ ಎರಡು ದಿನ ಅವಳು ಬೈಗುಳ ತಿಂದಳು, ಎರಡು ದಿನವೂ ನಾನು ಬಾಯಿ ಬಿಡಲಿಲ್ಲ.

ಮೂರನೆಯ ದಿನ ಡಾಕ್ಟರು, ಈ ಮಾತ್ರೆ ಇವಳಿಗೆ ಒಗ್ಗುತ್ತಿಲ್ಲವೇನೋ, ಪೂರ್ತಿಯಾಗಿ ನಿಲ್ಲಿಸಿಬಿಡೋಣ ಎಂದರು. ಹುಡುಗಿಯನ್ನು ಹಾಸಿಗೆಯಿಂದ ಎಬ್ಬಿಸಿದ್ದೇ ಆ ಮಾತ್ರೆ.

"ಉಪ್ಪು ಬಿಡಿಸಿದ್ದೆ ಸ್ವಾಮಿ," ಎಂದೆ.

"ಮೊದಲ್ನೇ ದಿನಾನೇ ಕೇಳಿದ್ನಲ್ಲ ಯಜಮಾನ್ರೇ!"

ಉಪ್ಪು ಕಡಿಮೆಯಾದರೆ ಲಿಥಿಯಂ ಹೊರಗೆ ಹೋಗದೆ ಮೈಯಲ್ಲೇ ಉಳಿದು ವಿಷವಾಗುತ್ತದೆ ಎಂದು ಅವರು ವಿವರಿಸಿದರು. ಮಗ ಎದ್ದು ಹೊರಗೆ ಹೋದ.

ಮೊಮ್ಮಗಳು ಚೇತರಿಸಿಕೊಂಡಳು. ಅದೇ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುವಾಯಿತು. ಮಗ ಹೆಂಡತಿಯಲ್ಲಿ ಕ್ಷಮೆ ಕೇಳಿದ. ನಾನು ಇಂದಿಗೂ ಕೇಳಿಲ್ಲ. ಮೊಮ್ಮಗಳು ಊಟಕ್ಕೆ ಕೂತಾಗ ಸೊಸೆ ಬಂದು ತಟ್ಟೆಗೂ ನನಗೂ ನಡುವೆ ನಿಲ್ಲುತ್ತಾಳೆ. ನಾನು ಎದ್ದು ಜಗಲಿಗೆ ಹೋಗುತ್ತೇನೆ.