ಅಡುಗೆಮನೆಯಿಂದ ಕೇಳಿದ ಗೋಲುಗಳು

ಬೆಳಕು ಹರಿಯುವ ಮೊದಲೇ ಆಕೆ ನೀರು ಹಿಡಿದಿಟ್ಟಿದ್ದಳು, ರಾತ್ರಿಯ ಪಾತ್ರೆ ತೊಳೆದಿದ್ದಳು, ಮೊಟ್ಟೆ ಬೇಯಿಸಿ ಸಿಪ್ಪೆ ತೆಗೆದಿದ್ದಳು, ಮಗಳ ಇಡೀ ಫುಟ್‌ಬಾಲ್ ತಂಡಕ್ಕೆಂದು ಕಿತ್ತಳೆ ಬಿಡಿಸಿ ಡಬ್ಬಿಗೆ ತುಂಬಿದ್ದಳು, ಹಸಿಯಾಗಿ ಉಳಿದಿದ್ದ ಕಾಲುಚೀಲಗಳ ಮೇಲೆ ಇಸ್ತ್ರಿ ಆಡಿಸಿದ್ದಳು, ಗಂಡ ಮೈದಾನದಲ್ಲಿ ಬೀಸುವ ಬಾವುಟದ ಹೊಲಿಗೆ ಬಿಟ್ಟಿದ್ದ ಕಡೆ ಸೂಜಿ ಹಾಕಿದ್ದಳು. ನಡುನಡುವೆ ಮಗಳ ಕೋಣೆಯ ಬಾಗಿಲಲ್ಲಿ ನಿಂತು ಅವಳ ಉಸಿರಾಟ ಕೇಳಿಸಿಕೊಂಡಿದ್ದಳು. ಈ ಕೊನೆಯದೊಂದು ಮಾತ್ರ ಈ ವಾರ ಹೊಸದಾಗಿ ಸೇರಿದ ಕೆಲಸ.

ಆಟದ ಬಟ್ಟೆ ಮಾರುವ ಅಂಗಡಿಯಲ್ಲಿ ಆಕೆಗೆ ಕೆಲಸ. ಬಿಸಿ ಯಂತ್ರದಡಿ ಅಂಗಿ ಹಾಸಿ ಬೆನ್ನಿಗೆ ನಂಬರು ಒತ್ತಬೇಕು. ಊರಿನ ದೊಡ್ಡ ಫುಟ್‌ಬಾಲ್ ತಂಡದ ಕೆಂಪು ಅಂಗಿಗೇ ಗಿರಾಕಿ ಹೆಚ್ಚು. ಮದುವೆಗೆ ಮೊದಲಿನಿಂದಲೂ ಆಕೆಗೆ ಆ ತಂಡದ ಹುಚ್ಚು. ನೆಂಟರ ಹೆಸರು ಮರೆತಾಳು, ಯಾವ ಆಟಗಾರನಿಗೆ ಯಾವ ನಂಬರು ಎಂಬುದನ್ನು ಮರೆಯುವವಳಲ್ಲ. ಆದರೂ ತಂಡ ಹೊಡೆದ ಗೋಲುಗಳಲ್ಲಿ ಆಕೆ ಕಂಡದ್ದು ಕಡಿಮೆ, ಕೇಳಿದ್ದೇ ಹೆಚ್ಚು.

ಹೊಸದಾಗಿ ಮದುವೆಯಾಗಿದ್ದಾಗ ಒಮ್ಮೆ ಟೀವಿಯ ಮುಂದಿನಿಂದ ಟೀ ಇಡಲು ಎದ್ದು ಹೋಗಿದ್ದಳು. ಅದೇ ಗಳಿಗೆಯಲ್ಲಿ ತಂಡ ಗೋಲು ಹೊಡೆಯಿತು. ಅಂದಿನಿಂದ ಆಟ ಬಿಗಿಯಾಯಿತೆಂದರೆ ಗಂಡನ ಬಾಯಲ್ಲಿ ಒಂದೇ ಮಾತು.

"ಎದ್ದು ಒಳಗೆ ಹೋಗೇ. ನೀನು ಒಳಗಿದ್ರೇನೇ ನಮಗೆ ಗೋಲು."

"ಹಾಗಾದ್ರೆ ನಾನೂ ಟೀಮಿನವಳೇ ಆಯ್ತಲ್ಲ. ಸಂಬಳ ಕೊಡಿಸ್ರೀ."

"ಕೊಡಿಸೋಣ, ಮೊದಲು ಟೀ ಕೊಡು."

ಆಟ ನೋಡಲು ಬಂದ ಗಂಡನ ಗೆಳೆಯರೆಲ್ಲ ನಗುತ್ತಿದ್ದರು, ಆಕೆಯೂ. ಅದೃಷ್ಟದ ಹೆಸರಿನಲ್ಲಿ ಅಡುಗೆಮನೆಯ ಕೆಲಸವೂ ಮುಗಿದಿರುತ್ತಿತ್ತು.

ಮಗಳು ಹುಡುಗಿಯರ ತಂಡದ ಗೋಲ್‌ಕೀಪರ್ ಆದಾಗ ಗಂಡ ಆ ನಂಬಿಕೆಯನ್ನು ಮೈದಾನಕ್ಕೂ ಹೊತ್ತು ತಂದ. ಅಲ್ಲಿ ಅಡುಗೆಮನೆ ಇರಲಿಲ್ಲ, ಸಾಮಾನು ಇಡುವ ಕೊಠಡಿಯ ಹಿಂದಕ್ಕೆ ಕಳಿಸುತ್ತಿದ್ದ. ಹೋದ ಭಾನುವಾರದ ಸೆಮಿಫೈನಲ್‌ನಲ್ಲೂ ಆಕೆ ಅಲ್ಲೇ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮೊದಲು ಒಂದು ಕೂಗು. ಆಮೇಲೆ ಮೈದಾನಕ್ಕೆ ಮೈದಾನವೇ ಗಪ್‌ಚುಪ್. ಆಮೇಲೆ ಚಪ್ಪಾಳೆ. ಓಡಿಬಂದಾಗ ಮಗಳು ಕೈಯೆತ್ತಿ ನಿಂತಿದ್ದಳು.

"ಎದುರಿನವಳ ಮೊಣಕಾಲು ತಲೆಗೆ ಬಡೀತು," ಎಂದ ಗಂಡ. ಅವನ ಕಣ್ಣು ಒದ್ದೆಯಾಗಿತ್ತು. "ಒಂದು ಚೂರು ಹೊತ್ತು ಎಚ್ಚರ ಇರಲಿಲ್ಲ, ಅಷ್ಟೇ. ಎದ್ದು ನಿಂತ್ಲು ನೋಡು, ಹುಲಿ! ನೀನು ಹಿಂದೆ ಇದ್ದದ್ದಕ್ಕೇ ಗೆದ್ವಿ."

ಆ ಹುಲಿ ಮಾರನೆಯ ದಿನ, ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅಡುಗೆಮನೆಯ ದೀಪ ಆರಿಸೆಂದಳು. ಇನ್ನೊಂದು ದಿನ ಶಾಲೆಯಿಂದ ಬಂದವಳೇ ವಾಂತಿ ಮಾಡಿಕೊಂಡು, ಅಪ್ಪನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು. ಆಕೆ ಆಣೆ ಮುರಿದಳು.

"ಫೈನಲ್ ಅಂದ್ರೆ ಹೊಟ್ಟೆ ತೊಳಸುತ್ತೆ, ನಂಗೂ ತೊಳಸ್ತಿದೆ," ಎಂದ ಗಂಡ. "ನಿನ್ನ ಭಯಾನ ಅವಳ ತಲೆಗೆ ತುಂಬಬೇಡ."

ಕೋಚ್ ಫೋನಿನಲ್ಲಿ ನಕ್ಕ. "ಅಕ್ಕಾ, ಗೋಲ್‌ಕೀಪರ್ ಅಂದ್ಮೇಲೆ ಏಟು ಬೀಳದೆ ಇರುತ್ತಾ? ನಾವೆಲ್ಲಾ ಹೀಗೇ ಆಡಿದವರು."

ಹೌದು, ಹೀಗೇ ಆಡಿದವರು. ಕೆಂಪು ತಂಡದ ಹಳೆಯ ನಾಯಕನೂ ಒಮ್ಮೆ ತಲೆಗೆ ಪಟ್ಟಿ ಸುತ್ತಿಕೊಂಡು ಆಡಿದ್ದ. ಪಟ್ಟಿಯಿಂದ ರಕ್ತ ಜಿನುಗುತ್ತಿದ್ದ ಆ ಚಿತ್ರವನ್ನು ಆಕೆ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು. ಕಳೆದ ವರ್ಷ ಅವನನ್ನು ಟೀವಿಯಲ್ಲಿ ಕಂಡಳು. ಮಾತಾಡುತ್ತಾ ಮಾತಾಡುತ್ತಾ ನಡುವೆ ನಿಂತುಬಿಡುತ್ತಿದ್ದ. ಪಕ್ಕದಲ್ಲಿದ್ದ ಹೆಂಡತಿ ಅವನ ಮಾತು ಮುಗಿಸಿ, ಅವನ ತುಟಿ ಒರೆಸಿ, ಕರವಸ್ತ್ರ ಮಡಿಸಿ ಮತ್ತೆ ಕೈಯಲ್ಲೇ ಹಿಡಿದುಕೊಂಡಳು. ಅವನಿಗೆ ಆಟ ಮುಗಿದು ಎಷ್ಟೋ ಕಾಲವಾಗಿತ್ತು, ಅವಳ ಕೆಲಸ ಮುಗಿದಿರಲಿಲ್ಲ. ಅಂದು ಆಕೆಗೆ ಅಯ್ಯೋ ಅನ್ನಿಸಿತ್ತು, ಅಷ್ಟೇ. ಈ ವಾರವೆಲ್ಲ ನಂಬರು ಒತ್ತುವಾಗ ಆ ಮಡಿಸಿದ ಕರವಸ್ತ್ರ ಕಣ್ಣಿಗೆ ಕಟ್ಟುತ್ತಿತ್ತು.

ಬೆಳಗಾದ ಮೇಲೆ ಗಂಡ ಬಾವುಟ, ಕಿತ್ತಳೆ ಡಬ್ಬಿ ಹೊತ್ತು ಗೆಳೆಯರ ಜೊತೆ ಮುಂದೆ ಹೋದ. "ತಡ ಮಾಡ್ಬೇಡ. ಕರೆದುಕೊಂಡು ಬಂದು ನಿನ್ನ ಜಾಗಕ್ಕೆ ಹೋಗ್ಬಿಡು," ಎಂದು ಕಣ್ಣು ಹೊಡೆದ.

ತಿಂಡಿ ತಿನ್ನುತ್ತಾ ಮಗಳು ಕೇಳಿದಳು. "ಅಮ್ಮಾ, ಇವತ್ತು ಯಾರ ಜೊತೆ ಮ್ಯಾಚು?"

"ಗಿರಣಿ ಬೀದಿ ಸ್ಕೂಲಿನವರ ಜೊತೆ ಕಣೇ."

ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಮಗಳು ಕೈಯಿಂದ ಕಣ್ಣು ಮುಚ್ಚಿಕೊಂಡು ಕಂಬಕ್ಕೆ ಒರಗಿದಳು. "ಅಮ್ಮಾ, ಇವತ್ತು ಯಾರ ಜೊತೆ ಮ್ಯಾಚು?"

"ಆಗಲೇ ಹೇಳಿದ್ನಲ್ಲ ಪುಟ್ಟಾ."

"ಎಲ್ಲಿ ಹೇಳಿದೆ? ನಾನು ಕೇಳೇ ಇಲ್ಲ."

ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದಳು. ತಮಾಷೆಯಾಗಿರಲಿಲ್ಲ.

ಗಂಡನಿಗೆ ಫೋನ್ ಮಾಡಬೇಕೆಂದು ಕೈ ಚೀಲಕ್ಕೆ ಹೋಯಿತು. ಮಾಡಿದರೆ ಅವನೇನೆನ್ನುವನೆಂದು ಗೊತ್ತಿತ್ತು. ಗದರುವುದಿಲ್ಲ, ನಗಿಸಿಬಿಡುತ್ತಾನೆ. ನಕ್ಕ ಮೇಲೆ ತಾನು ಮೈದಾನದ ಬಸ್ಸು ಹತ್ತಿಬಿಡುತ್ತೇನೆ ಎಂಬುದೂ ಗೊತ್ತಿತ್ತು. ಮೈದಾನದ ಬದಲು ಆಸ್ಪತ್ರೆಗೆ ಕರೆದೊಯ್ದು, ಡಾಕ್ಟರು ಏನೂ ಇಲ್ಲವೆಂದರೆ? ಫೈನಲ್ ತಪ್ಪಿಸಿದ ಅಮ್ಮನೆಂದು ಬದುಕಿಡೀ ಆಡಿಕೊಳ್ಳುತ್ತಾರೆ. ಮಗಳು ಮಾತು ಬಿಟ್ಟರೂ ಬಿಟ್ಟಾಳು. ಏನಾದರೂ ಇದೆ ಎಂದರೆ? ಆ ಕಡೆಗೆ ಯೋಚನೆ ಹೋಗಲೇ ಒಲ್ಲದು.

ಮೈದಾನದ ಬಸ್ಸು ಬಂದು ನಿಂತಿತು.

"ಹತ್ರೀ, ಬೇಗ ಹತ್ರೀ," ಎಂದ ಕಂಡಕ್ಟರ್.

ಮಗಳು ಮೆಟ್ಟಿಲಿಗೆ ಕಾಲಿಡಬೇಕು ಅನ್ನುವಷ್ಟರಲ್ಲಿ ಆಕೆ ಅವಳ ಬೆನ್ನಚೀಲದ ಪಟ್ಟಿ ಹಿಡಿದುಕೊಂಡಳು.

"ನಾವು ಬರಲ್ಲ. ನೀವು ಹೋಗಿ."

"ಅಮ್ಮಾ! ಹುಚ್ಚಾ ನಿಂಗೆ?"

ಬಸ್ಸು ಹೋಯಿತು. ಆಸ್ಪತ್ರೆ ಕಡೆಯ ಬಸ್ಸಿಗೆ ರಸ್ತೆ ದಾಟಬೇಕಿತ್ತು. ಮಗಳು ಅಳುತ್ತಾ ಕೊಸರಾಡುತ್ತಿದ್ದಳು, ನಿಲ್ದಾಣದ ಜನ ತಿರುಗಿ ನೋಡುತ್ತಿದ್ದರು. ಹಿಡಿದ ಪಟ್ಟಿ ಬಿಡದೆ, ಎರಡೂ ಕಡೆ ನೋಡಿಕೊಂಡು, ಆಕೆ ರಸ್ತೆಗಿಳಿದಳು.