ಹೊರಗಿನವರ ಗೇಟು

ಅಕ್ಕನ ಮದುವೆಯಾದಾಗ ಭಾವನಿಗೆ ಹೆಂಡತಿಯ ಜೊತೆ ಹನ್ನೊಂದು ವರ್ಷದ ಭಾವಮೈದುನನೂ ಗಂಟುಬಿದ್ದಿದ್ದ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡವನು. ಅಕ್ಕನನ್ನು ಬಿಟ್ಟರೆ ಗತಿಯಿಲ್ಲ. ಭಾವ ಪ್ಲಂಬರ್ ಕೆಲಸದವರು, ಮನೆಯಲ್ಲಿ ಇದ್ದದ್ದೇ ಎರಡು ಕೋಣೆ. ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಭಾವ ಮಾತ್ರ ಮದುವೆಯಾದ ಎರಡನೇ ಭಾನುವಾರವೇ ಅವನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಫುಟ್‌ಬಾಲ್ ನೋಡಲು ಕರೆದೊಯ್ದರು. ಆವತ್ತು ಊರಿನ ತಂಡ ಮೂರು ಗೋಲಿನಿಂದ ಸೋತಿತು. ವಾಪಸು ಬರುವಾಗ ಭಾವ, "ಅಭ್ಯಾಸ ಮಾಡ್ಕೋ. ನಮ್ಮದು ಸೋಲೋದ್ರಲ್ಲಿ ಎತ್ತಿದ ಕೈ" ಅಂದಿದ್ದರು.

ಅದಾಗಿ ಮೂವತ್ತೈದು ವರ್ಷ. ಅವನೀಗ ಊರಿನ ದೊಡ್ಡ ಹೊಲಿಗೆ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಅಂಗಡಿಯ ಹಿಂಭಾಗದಲ್ಲಿ ಟ್ಯೂಬ್‌ಲೈಟಿನ ಕೆಳಗೆ ಉದ್ದನೆಯ ಮೇಜಿನ ಮುಂದೆ ನಿಂತು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುವುದು ಅವನ ಕೆಲಸ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಹಾಗಾಗಿ ಯಾವುದನ್ನೂ ಎರಡು ಸಲ ಅಳೆಯದೆ ಮುಟ್ಟುತ್ತಿರಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದುಬಿದ್ದಿತ್ತು. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ವಾಸ, ಕೆಳಗೆ ಊಟ. ಅಕ್ಕನ ಮಗಳು ಒಬ್ಬಳನ್ನು ಬಿಟ್ಟರೆ ಊರೆಲ್ಲ ಅವನನ್ನು ಮಾಸ್ಟರ್ ಎಂದೇ ಕರೆಯುತ್ತಿತ್ತು. ಅವಳಿಗೆ ಮಾತ್ರ ಮಾಮ.

ಆ ವರ್ಷ ತಂಡದ ಸ್ಥಿತಿ ಹೀನಾಯವಾಗಿತ್ತು. ಕೊನೆಯ ಪಂದ್ಯ ಬೇರೆ ಊರಿನಲ್ಲಿ. ಗೆದ್ದರೆ ಉಳಿಯುವುದು, ಇಲ್ಲದಿದ್ದರೆ ಕೆಳಗಿನ ದರ್ಜೆಗೆ ಇಳಿಯುವುದು. ಬೆಂಬಲಿಗರು ಎರಡು ಬಸ್ ಗೊತ್ತುಮಾಡಿದರು. ಮಾಸ್ಟರ್ ಅಂಗಡಿಯಲ್ಲಿ ಉಳಿದ ಕೆಂಪು, ಬಿಳಿ ತುಂಡುಗಳನ್ನೆಲ್ಲ ಜೋಡಿಸಿ ಹದಿನೆಂಟು ಅಡಿಯ ಬಾವುಟ ಹೊಲಿದ.

ಭಾವನಿಗೆ ಅರವತ್ತೊಂದು. ಬಿಪಿ ಶುರುವಾದ ಮೇಲೆ ಪರವೂರಿನ ಪಂದ್ಯಗಳಿಗೆ ಹೋಗುವುದನ್ನು ಅಕ್ಕ ನಿಲ್ಲಿಸಿದ್ದಳು. ಈ ಸಲ ಅವರೇನೂ ಕೇಳಿರಲಿಲ್ಲ. ಕೇಳಿದವನು ಮಾಸ್ಟರ್. ಟಿವಿಯಲ್ಲಿ ನೋಡಿದರೆ ಕಣ್ಣೇನು ಕುರುಡಾಗುತ್ತದೆಯೇ ಎಂದು ಅಕ್ಕ ರೇಗಿದಳು. ಅವನು ಪಟ್ಟು ಬಿಡಲಿಲ್ಲ.

"ಇದೊಂದು ಸಲ ಅಕ್ಕ. ಬೆಳಗ್ಗೆ ಹೋಗಿ ಸಾಯಂಕಾಲಕ್ಕೆ ಬಂದ್ಬಿಡ್ತೀವಿ. ನಾನಿದೀನಲ್ಲ."

 ಅಕ್ಕ ಬಿಪಿ ಮಾತ್ರೆಯ ಪೊಟ್ಟಣವನ್ನು ಗಂಡನಿಗೆ ಕೊಡದೆ ಅವನ ಕೈಗೇ ಕೊಟ್ಟಳು.

ಬೆಳಗ್ಗೆ ಆರಕ್ಕೆ ಬಸ್ ಹೊರಟಿತು. ತಲೆ ಎಣಿಸುತ್ತಿದ್ದವನು ಕಬ್ಬಿಣದ ಸಾಮಾನಿನ ಅಂಗಡಿಯ ಗುಮಾಸ್ತ. ಪಂದ್ಯದುದ್ದಕ್ಕೂ ಪ್ಲಾಸ್ಟಿಕ್ ತುತ್ತೂರಿ ಊದುತ್ತಿದ್ದುದರಿಂದ ಎಲ್ಲರಿಗೂ ಪೀಪಿ. ಭಾವನನ್ನು ಕಂಡು ಅವನು ತುತ್ತೂರಿ ಊದಿಯೇ ಸ್ವಾಗತಿಸಿದ. ಭಾವ ಹೊಸ ಮದುಮಗನಂತೆ ನಾಚಿಕೊಂಡು ಕಿಟಕಿಯ ಪಕ್ಕ ಕೂತರು.

ಹತ್ತು ಗಂಟೆಯ ಸುಮಾರಿಗೆ ಭಾವ ದವಡೆ ಉಜ್ಜಿಕೊಳ್ಳಲು ಶುರುಮಾಡಿದರು. ಹಲ್ಲುನೋವಿರಬೇಕು ಅಂದರು. ಇನ್ನೊಂದಿಷ್ಟು ದೂರ ಹೋದ ಮೇಲೆ ಎಡಗೈಯನ್ನು ಮಡಚುವುದು, ಬಿಡಿಸುವುದು ಮಾಡಿದರು. ಏನಾಯಿತೆಂದು ಮಾಸ್ಟರ್ ಕೇಳಿದ.

"ನಲವತ್ತು ವರ್ಷ ಊರೋರ ಪೈಪ್ ರಿಪೇರಿ ಮಾಡ್ದೆ. ಈಗ ನಂದೇ ಎಲ್ಲೋ ಕಟ್ಕೊಂಡಿದೆ" ಅಂದರು ಭಾವ.

ಹಿಂದಿನ ಸೀಟಿನವರೆಲ್ಲ ನಕ್ಕರು. ಮಾಸ್ಟರ್ ಕೂಡ ನಕ್ಕ. ಮಾತ್ರೆ ಕೊಟ್ಟು ನೀರು ಕುಡಿಸಿದ. ದಾರಿಯಲ್ಲಿ ಚಹಾಕ್ಕೆ ಬಸ್ ನಿಂತಾಗ ಭಾವ ಇಳಿಯಲಿಲ್ಲ. ಚಹಾದಂಗಡಿಯ ಎದುರಿಗೇ ಒಂದು ಔಷಧದಂಗಡಿ ಇತ್ತು, ಅದರ ಪಕ್ಕದಲ್ಲಿ ಡಾಕ್ಟರರ ಬೋರ್ಡು. ಮಾಸ್ಟರ್ ಲೋಟ ಹಿಡಿದುಕೊಂಡು ಆ ಬೋರ್ಡನ್ನು ಓದಿದ. ಪಂದ್ಯಕ್ಕೆ ತಡವಾಗುತ್ತದೆಂದು ಪೀಪಿ ಕೂಗಿದ್ದೇ ಬಂದು ಬಸ್ ಹತ್ತಿದ.

ಆ ಊರಿನ ಕ್ರೀಡಾಂಗಣದಲ್ಲಿ ಹೊರಗಿನವರಿಗೆ ಒಂದು ಮೂಲೆ. ಮೂರು ಕಡೆ ಕಬ್ಬಿಣದ ಬಲೆ, ಕೂರಲು ಸಿಮೆಂಟಿನ ಮೆಟ್ಟಿಲು, ಒಂದೇ ಒಂದು ಗೇಟು. ಒಳಗೆ ಹೋದವರು ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲವೆಂದು ಗೇಟಿನ ಕಾವಲಿನವನು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು.

ಮೊದಲರ್ಧ ಎರಡೂ ಕಡೆ ಗೋಲಿಲ್ಲದೆ ಮುಗಿಯಿತು. ಭಾವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತುಟಿ ಬಿಳಿಚಿಕೊಂಡಿತ್ತು.

"ಸ್ವಲ್ಪ ಹೊರಗೆ ಹೋಗೋಣ್ವೇನೋ? ಇಲ್ಲಿ ಗಾಳಿನೇ ಇಲ್ಲ."

ಆ ಹೊತ್ತಿಗೆ ಗೇಟು ತೆರೆದೇ ಇತ್ತು. ಕಾವಲಿನವನು ಕುರ್ಚಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಮಾಸ್ಟರ್ ಗೇಟಿನ ಕಡೆ ನೋಡಿದ, ಮೈದಾನದ ಕಡೆ ನೋಡಿದ. ಆಟಗಾರರು ವಾಪಸು ಬರುತ್ತಿದ್ದರು.

"ಹತ್ತು ನಿಮಿಷ ಭಾವ. ಈಗ ನಮ್ಮೋರು ಇಲ್ಲೇ ನಮ್ಮೆದುರಿನ ಗೋಲಿಗೇ ಹೊಡೀತಾರೆ. ಹೊರಗೆ ಹೋದ್ರೆ ಮತ್ತೆ ಬಿಡಲ್ಲ."

"ಆಯ್ತು, ಆಯ್ತು" ಅಂದು ಭಾವ ಕಂಬಕ್ಕೆ ಒರಗಿದರು. ಮೂವತ್ತೈದು ವರ್ಷದಲ್ಲಿ ಅವರು ಅವನಿಗೆ ಯಾವುದಕ್ಕೂ ಇಲ್ಲ ಅಂದವರಲ್ಲ.

ಹತ್ತು ನಿಮಿಷ ಹೋಗಿ ಇಪ್ಪತ್ತಾಯಿತು. ಮಾಸ್ಟರ್ ಬಲೆಯೊಳಗೇ ಮಾರುತ್ತಿದ್ದ ಹುಡುಗನಿಂದ ಸೋಡಾ ತಂದುಕೊಟ್ಟ. ಭಾವ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡರು, ಕುಡಿಯಲಿಲ್ಲ. ಎಂಬತ್ತಮೂರನೇ ನಿಮಿಷಕ್ಕೆ ಕಾರ್ನರ್ ಒದೆತದಿಂದ ಬಂದ ಚೆಂಡು ಯಾರದೋ ಮೊಣಕಾಲಿಗೆ ಬಡಿದು ಗೋಲಿನೊಳಗೆ ಉರುಳಿತು. ಇಡೀ ಮೂಲೆಗೆ ಹುಚ್ಚು ಹಿಡಿಯಿತು. ಮಾಸ್ಟರ್ ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡ, ಒಂದು ಚಪ್ಪಲಿ ಎಲ್ಲೋ ಹೋಯಿತು. ಉಸಿರು ಬಿಡುತ್ತಾ ಹಿಂದೆ ತಿರುಗಿದರೆ ಭಾವ ಕಂಬದಿಂದ ಜಾರಿ ಮೆಟ್ಟಿಲಿನ ಮೇಲೆ ಓರೆಯಾಗಿ ಕೂತಿದ್ದರು.

"ಹೊಡೆದ್ರಾ?"

"ಹೊಡೆದ್ರು ಭಾವ."

"ಸರಿ ಹಾಗಾದ್ರೆ" ಅಂದವರು ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡರು. ಕೈ ಮುಟ್ಟಿದರೆ ತಣ್ಣಗಿತ್ತು.

ಮಾಸ್ಟರ್ ಪೀಪಿಯನ್ನು ಕೂಗಿದ. ಪೀಪಿ ಗೇಟಿಗೆ ಓಡಿದ. ಗೇಟಿಗೆ ಆಗಲೇ ಸರಪಳಿ ಬಿದ್ದಿತ್ತು. ಪಂದ್ಯ ಮುಗಿದು ಊರಿನವರು ಚದುರುವ ತನಕ ಹೊರಗಿನವರನ್ನು ಬಿಡಬಾರದೆಂಬುದು ಅಲ್ಲಿನ ನಿಯಮ. ಹೊಡೆದಾಟ ಆಗದಿರಲಿ ಎಂದು ಮಾಡಿದ್ದು. ಒಬ್ಬರಿಗೆ ಎದೆನೋವು, ಸಾಯುವ ಹಾಗಿದ್ದಾರೆ ಎಂದು ಪೀಪಿ ಬೇಡಿಕೊಂಡ. ಕೀಲಿ ತನ್ನ ಹತ್ತಿರ ಇಲ್ಲ, ಸಾಹೇಬರ ಹತ್ತಿರ ಇದೆ, ಸಾಹೇಬರು ದೊಡ್ಡ ಗೇಟಿನಲ್ಲಿದ್ದಾರೆ ಎಂದು ಕಾವಲಿನವನು ಫೋನು ಕಿವಿಗಿಟ್ಟುಕೊಂಡ. ಆ ಕಡೆ ಯಾರೂ ಎತ್ತಲಿಲ್ಲ. ಕುಡಿದು ಗಲಾಟೆ ಮಾಡುವವರು ಇಂಥ ಕಥೆ ದಿನಾ ಹೇಳುತ್ತಾರೆ ಎಂದು ಪಕ್ಕದಲ್ಲಿದ್ದ ಇನ್ನೊಬ್ಬ ಗೊಣಗಿದ.

ಪಂದ್ಯ ಮುಗಿದ ಸೀಟಿ ಕೇಳಿಸಿತು. ತಂಡ ಉಳಿದುಕೊಂಡಿತು. ಬಲೆಯಾಚೆ ಊರಿನವರು ಬೈಯುತ್ತಾ ಸಾಲಾಗಿ ಹೋಗುತ್ತಲೇ ಇದ್ದರು. ಬಸ್ಸಿನಲ್ಲಿ ಬಂದಿದ್ದ ಈಜುಕೊಳದ ತರಬೇತಿದಾರನೊಬ್ಬ ಭಾವನನ್ನು ಮಲಗಿಸಿ ಎದೆ ಒತ್ತುತ್ತಿದ್ದ. ಮಾಸ್ಟರ್ ತಲೆಯ ಹತ್ತಿರ ಕೂತು ಅಂಗಿಯ ತುದಿಯಿಂದ ಅವರ ಬಾಯಿ ಒರೆಸಿದ, ಮತ್ತೆ ಮತ್ತೆ ಒರೆಸಿದ. ಕೀಲಿ ಬರಲು ನಲವತ್ತೊಂದು ನಿಮಿಷ ಹಿಡಿಯಿತು. ಸ್ಟ್ರೆಚರ್ ಇರಲಿಲ್ಲ. ಬಾವುಟವನ್ನೇ ನಾಲ್ಕು ಮಡಿಕೆ ಮಾಡಿ ಆರು ಜನ ಹೊತ್ತರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈ ನೋಡಿ, ಕಣ್ಣು ನೋಡಿ, ತಲೆ ಅಲ್ಲಾಡಿಸಿದಳು. ಒಂದು ಹಾಳೆ ತೆಗೆದುಕೊಂಡು, ನೋವು ಯಾವಾಗ ಶುರುವಾಯಿತು ಎಂದು ಕೇಳಿದಳು.

"ಬೆಳಗ್ಗೆ ಹತ್ತಕ್ಕೆ. ದವಡೆ, ಆಮೇಲೆ ಎಡಗೈ" ಅಂದ ಮಾಸ್ಟರ್.

ಅವಳ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಬರೆದುಕೊಂಡಳು.

ಮಾರನೇ ದಿನ ಹೆಣ ಮನೆಗೆ ಬಂದಾಗ ಅಕ್ಕ ಅಳುವುದಕ್ಕೂ ಮೊದಲು ತಮ್ಮನನ್ನು ಕೇಳಿದಳು, ಹೇಗಾಯಿತು ಎಂದು. ಅವನು ಬಾಯಿ ತೆರೆಯುವಷ್ಟರಲ್ಲಿ ಪೀಪಿ ಮುಂದೆ ಬಂದು ಗೇಟಿನ ಕಥೆ ಹೇಳಿದ. ಬೀಗ, ಸರಪಳಿ, ನಲವತ್ತೊಂದು ನಿಮಿಷ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಾಸ್ಟರ್ ತಲೆ ತಗ್ಗಿಸಿ ನಿಂತಿದ್ದ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ.

ಒಂದು ಸಲ ನುಂಗಿದ್ದು ದಿನದಿನಕ್ಕೆ ಗಟ್ಟಿಯಾಯಿತು. ಬೆಂಬಲಿಗರು ಮೆರವಣಿಗೆ ಮಾಡಿದರು, ಭಾವನ ಫೋಟೊ ಹಾಕಿ ಕರಪತ್ರ ಹಂಚಿದರು. ಪತ್ರಿಕೆಯವರು ಅಕ್ಕನನ್ನು ಮಾತನಾಡಿಸಿದರು. ಜೋರಾಗಿ ಮಾತನಾಡಿ ಗೊತ್ತಿಲ್ಲದ ಅವಳು, ಕೀಲಿ ಇಟ್ಟುಕೊಂಡವನ ಮನೆ ಹಾಳಾಗಲಿ ಅಂದದ್ದು ಅಚ್ಚಾಯಿತು. ಸಂಜೆ ಊಟ ಬಡಿಸುವಾಗಲೂ ಅದೇ ಮಾತು. ಬೆಳಗ್ಗೆಯಿಂದ ಏನಾದರೂ ತೊಂದರೆ ಇತ್ತೇನೋ ಎಂದು ಒಮ್ಮೆ ಕೇಳಿದಳು. ಹಲ್ಲುನೋವು ಅಂತಿದ್ದರು ಅಷ್ಟೆ ಎಂದು ಮಾಸ್ಟರ್ ತಟ್ಟೆ ನೋಡುತ್ತಾ ಹೇಳಿದ.

ಏಳು ತಿಂಗಳ ಮೇಲೆ ಗೇಟಿನ ಬಗ್ಗೆ ಸರ್ಕಾರದ ವಿಚಾರಣೆ ನಡೆಯಿತು. ಹಿಂದಿನ ದಿನ ಪೀಪಿ ಅಂಗಡಿಗೆ ಬಂದು, ಕತ್ತರಿಸುವ ಮೇಜಿನ ಮೇಲೆ ಆಸ್ಪತ್ರೆಯ ಹಾಳೆಯ ನಕಲನ್ನು ಇಟ್ಟ. ಅವನಿಗೂ ಅದು ಆಗಷ್ಟೇ ಸಿಕ್ಕಿತ್ತು.

"ಗಾಬರಿಯಲ್ಲಿ ಏನು ಹೇಳಿದೆನೋ ನೆನಪಿಲ್ಲ ಅಂದ್ಬಿಡಿ ಮಾಸ್ಟರ್. ಸುಳ್ಳು ಹೇಳಿ ಅಂತಿಲ್ಲ ನಾನು. ನೆನಪಿಲ್ಲ ಅನ್ನಿ, ಅಷ್ಟೆ."

ಮಾಸ್ಟರ್ ಹೂಂ ಅಂದ. ಆವತ್ತು ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿಬಿಡಬೇಕೆಂದು ಎರಡು ಸಲ ಕತ್ತು ಎತ್ತಿದ. ಅವಳು ಮಾರನೇ ದಿನಕ್ಕೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಹೇಳಲಾಗಲಿಲ್ಲ.

ವಿಚಾರಣೆಯ ಕೋಣೆ ಹಳೆಯ ಕಚೇರಿಯೊಂದರ ಮೊದಲನೇ ಮಹಡಿಯಲ್ಲಿತ್ತು. ಅಕ್ಕ ಎರಡನೇ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಮಗಳು. ಎದುರು ಸಾಲಿನಲ್ಲಿ ಗೇಟಿನ ಕಾವಲಿನವನು. ಕೆಲಸದಿಂದ ತೆಗೆದಿದ್ದರು, ಕೆನ್ನೆ ಒಳಗೆ ಹೋಗಿತ್ತು, ಅಂಗಿಯ ಕಾಲರು ಸವೆದಿತ್ತು. ಅವನೂ ಹೆಂಡತಿಯನ್ನು ಕರೆತಂದಿದ್ದ. ಮಾಸ್ಟರ್ ಆ ಕಾಲರನ್ನೇ ನೋಡುತ್ತಾ ನಿಂತ.

ಅಧಿಕಾರಿ ಹಾಳೆ ಓದಿದರು. ಬೆಳಗ್ಗೆ ಹತ್ತು ಗಂಟೆಯಿಂದಲೇ ದವಡೆ ಮತ್ತು ಎಡಗೈಯಲ್ಲಿ ನೋವಿತ್ತೆಂದು ಜೊತೆಗಿದ್ದವರು ತಿಳಿಸಿದ್ದಾರೆ. ಹೀಗೆ ತಿಳಿಸಿದವರು ಯಾರು?

"ನಾನು ಸ್ವಾಮಿ" ಅಂದ ಮಾಸ್ಟರ್. ಹಿಂದೆ ಪೀಪಿ ಕೆಮ್ಮಿದ್ದು ಕೇಳಿಸಿತು.

ನೋವಿದ್ದದ್ದು ನಿಜವೇ ಎಂದು ಅಧಿಕಾರಿ ಕೇಳಿದರು.

"ನಿಜ. ಅರ್ಧ ಆಟ ಆದಾಗ ಹೊರಗೆ ಹೋಗೋಣ ಅಂದ್ರು. ಆಗ ಗೇಟು ತೆಗೆದೇ ಇತ್ತು. ನಾನೇ ಹತ್ತು ನಿಮಿಷ ತಡೀರಿ ಅಂದೆ."

 ಮಾಸ್ಟರ್ ತಿರುಗಿ ನೋಡಲಿಲ್ಲ. ಕುರ್ಚಿ ಸರಿದದ್ದು, ಅಕ್ಕ ಎದ್ದು ಹೋದದ್ದು ಅವನಿಗೆ ಸದ್ದಿನಿಂದಲೇ ತಿಳಿಯಿತು.

ಮೆಟ್ಟಿಲ ಹತ್ತಿರ ಅವಳು ಕಂಬಿ ಹಿಡಿದು ನಿಂತಿದ್ದಳು. ಅವನು ಮೂರು ಮೆಟ್ಟಿಲು ಮೇಲೆಯೇ ನಿಂತ.

"ಅವರಿಗೂ ಬಾಯಿತ್ತು. ಹೋಗ್ಲೇಬೇಕು ಅನ್ನಬಹುದಿತ್ತು, ಅನ್ನಲಿಲ್ಲ. ಅದಕ್ಕೆ ನಿನ್ನೊಬ್ಬನನ್ನೇ ಬೈಯಲ್ಲ ನಾನು" ಅಂದಳು. ದನಿ ಏರಲಿಲ್ಲ. "ಆದ್ರೆ ಏಳು ತಿಂಗಳು ನಾನು ಒಂದು ಬೀಗಕ್ಕೆ ಶಾಪ ಹಾಕ್ಕೊಂಡು ಕೂತಿದ್ದೆ. ನೀನು ದಿನಾ ನನ್ನ ಎದುರಿಗೇ ಉಂಡೆ."

 ಅವಳು ಮಗಳ ಭುಜ ಹಿಡಿದು ಇಳಿದುಹೋದಳು.

ವರದಿ ಬಂತು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಗೇಟು ತೆರೆಯಲು ತಡವಾದದ್ದು ತಪ್ಪು, ಆದರೆ ಸಾವಿಗೆ ಅದೇ ಕಾರಣವೆಂದು ಹೇಳಲಾಗದು. ನಿಯಮ ಬದಲಾಗಲಿಲ್ಲ. ಕಾವಲಿನವನಿಗೆ ಕೆಲಸ ವಾಪಸು ಸಿಕ್ಕಿತೆಂದು ಯಾರೋ ಹೇಳಿದರು. ಬೆಂಬಲಿಗರು ಮಾಸ್ಟರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಎದುರು ಸಿಕ್ಕರೆ ರಸ್ತೆ ದಾಟಿದರು. ಪೀಪಿ ಮಾತ್ರ ಒಂದು ದಿನ ನಿಂತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸಬಹುದಾಗಿತ್ತಲ್ಲ ಮಾಸ್ಟರ್, ನಾಳೆ ಇನ್ನೊಬ್ಬ ಆ ಬಲೆಯೊಳಗೆ ಸತ್ತರೆ ಯಾರು ಕೇಳುತ್ತಾರೆ ಎಂದ. ಅದೂ ಸುಳ್ಳಲ್ಲವೆಂದು ಮಾಸ್ಟರಿಗೆ ಗೊತ್ತಿತ್ತು.

ಅಕ್ಕ ಅವನನ್ನು ಮನೆ ಬಿಡು ಎನ್ನಲಿಲ್ಲ. ಊಟಕ್ಕೆ ಕರೆಯುವುದನ್ನು ನಿಲ್ಲಿಸಿದಳು, ಅಷ್ಟೆ. ತಿಂಗಳೊಂದು ನೋಡಿ ಅವನು ಅಂಗಡಿಯ ಹಿಂದಿನ ಸಣ್ಣ ಕೋಣೆಗೆ ಹಾಸಿಗೆ ಸಾಗಿಸಿದ. ಭಾನುವಾರಗಳಂದು ಬಾಗಿಲು ಹಾಕಿಕೊಂಡು ಮಲಗುತ್ತಿದ್ದ. ತಂಡ ಗೆದ್ದಿತೋ ಸೋತಿತೋ ಕೇಳುತ್ತಿರಲಿಲ್ಲ.

ಮುಂದಿನ ವರ್ಷ ಒಂದು ಮಧ್ಯಾಹ್ನ ಅಕ್ಕನ ಮಗಳು ಅಂಗಡಿಗೆ ಬಂದಳು. ಮಾಮನ ಮುಖ ನೋಡದೆ, ಸೀಮೆಸುಣ್ಣದ ತುಂಡುಗಳನ್ನು ಸಾಲಾಗಿ ಜೋಡಿಸುತ್ತಾ, "ಅಮ್ಮ ಮನೆಗೆ ಬರೋಕೆ ಹೇಳಿದ್ಳು. ಆವತ್ತಿಂದು ಎಲ್ಲಾ ಹೇಳಬೇಕಂತೆ, ಒಂದೂ ಬಿಡದೆ" ಅಂದಳು.

ಅವನು ಆ ಸಂಜೆಯೇ ಹೋದ. ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು, ಅವನು ಗೋಡೆಗೆ ಒರಗಿ ನೆಲದ ಮೇಲೆ. ಬೆಳಗಿನ ಆರು ಗಂಟೆಯಿಂದ ಶುರುಮಾಡಿದ. ಔಷಧದಂಗಡಿಯ ಪಕ್ಕದ ಬೋರ್ಡನ್ನು ಓದಿಯೂ ಬಸ್ ಹತ್ತಿದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಪೈಪಿನ ಮಾತು ಬಂದಾಗ ಅಕ್ಕನಿಗೆ ತಡೆಯಲಾಗದೆ ನಗು ಬಂತು. ನಗು ನಿಂತ ಮೇಲೆ ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವನು ಕಾದು, ಮತ್ತೆ ಬಿಟ್ಟಲ್ಲಿಂದ ಮುಂದುವರಿಸಿದ. ಎಲ್ಲ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ನೋವು ತುಂಬಾ ಇತ್ತಾ?"

"ಇತ್ತಕ್ಕ."

ಅವಳು ತಲೆಯಾಡಿಸಿದಳು. ಎದ್ದು ಒಲೆ ಹಚ್ಚಿ, ಅವನಿಗೆ ಬೆನ್ನು ಮಾಡಿಕೊಂಡು ಚಹಾಕ್ಕೆ ನೀರಿಟ್ಟಳು. ಎಷ್ಟು ಲೋಟಕ್ಕೆ ಇಟ್ಟಳೋ ಅವನಿಗೆ ಕಾಣಲಿಲ್ಲ. ಏಳಬೇಕೋ ಕೂತಿರಬೇಕೋ ತಿಳಿಯದೆ ಕೂತೇ ಇದ್ದ.