ಭಾಮಾ ಖಾನಾವಳಿಯಲ್ಲಿ ನಿಂತ ರೈಲು

ವಾಡಿಯ ಅಂಚಿನಲ್ಲಿ, ರೈಲುಗಳು ಸಿಗ್ನಲ್ಲಿಗೆ ಕಾಯುತ್ತ ನಿಲ್ಲುವ ಕಡೆ, ಹಳಿಗೆ ಬೆನ್ನು ಕೊಟ್ಟು ಭಾಮಾಬಾಯಿಯ ಮನೆ ಕೂತಿತ್ತು. ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತಳಾದ ಮೇಲೆ ಸುಮ್ಮನಿರಲಾಗದೆ ಆಕೆ ಪಡಸಾಲೆಯ ಪರಸಿ ಕಲ್ಲಿನ ನೆಲದ ಮೇಲೆ ನಾಲ್ಕು ಮೇಜು ಹಾಕಿ ಖಾನಾವಳಿ ತೆರೆದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕೈರುಚಿಗೆ ಕೊರತೆಯಿರಲಿಲ್ಲ, ಉಣ್ಣುವವರಿಗಿತ್ತು. ದಿನಾ ತಪ್ಪದೆ ಬರುತ್ತಿದ್ದ ಗಿರಾಕಿ ಎಂದರೆ ಒಳಮನೆಯಿಂದ ಎದ್ದು ಬರುವ ಗಂಡ ಶ್ರೀರಾಮರಾಯನೊಬ್ಬನೇ.

ಕಲಬುರಗಿಯಿಂದ ಬಂದ ಭಾಮಾಬಾಯಿಯ ತಮ್ಮನ ಮಗಳು ವಂದನಾ ಖಾಲಿ ಮೇಜು ನೋಡಿದಳು.

"ಅತ್ಯಾ, ಹಿಂಗ ಕುಂತ್ರ ಯಾರು ಬರ್ತಾರ? ಫೋನಿನ ನಕಾಶಾದಾಗ ನಿಮ್ಮ ಹೆಸರು ಕಾಣಬೇಕು."

ಒಂದು ಆ್ಯಪಿನಲ್ಲಿ ಮನೆಯ ಜಾಗಕ್ಕೆ ಗುರುತು ಹಾಕಿದಳು. ಸುತ್ತಮುತ್ತ ಯಾರು ಸುಳಿದರೂ ಅವರ ಫೋನು ಟಿಣ್ ಎನ್ನುವುದು. 'ಬಂದಿದ್ದೇನೆ' ಎಂದು ಒತ್ತಿದವರಿಗೆ ಹೋಳಿಗೆ ಪುಕ್ಕಟೆ.

ಮರುದಿನ ಮಧ್ಯಾಹ್ನದೊಳಗೆ ನೂರಾರು ಜನ ಒತ್ತಿದ್ದರು. ಭಾಮಾಬಾಯಿ ಗಾಬರಿಯಿಂದ ಕಣಕ ನಾದಿದಳು. ಪಡಸಾಲೆಯಲ್ಲಿ ನೊಣವೂ ಇರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಉದ್ದನೆಯ ರೈಲೊಂದು ನಿಂತಿದೆ! ಕಿಟಕಿ ಕಿಟಕಿಗೂ ಬೇಸತ್ತ ಮುಖ, ಕೈಯಲ್ಲಿ ಫೋನು.

ಸಂಜೆಗೆ ಅಭಿಪ್ರಾಯಗಳೂ ಬಂದವು. 'ತಾಸಿನಿಂದ ಇಲ್ಲೇ ಇದ್ದೇವೆ, ಕೇಳುವವರಿಲ್ಲ.' 'ಫ್ಯಾನು ತಿರುಗುವುದಿಲ್ಲ.' 'ಮೇಲಿನ ಬರ್ತಿನವರ ಗೊರಕೆ ತಡೆಯಲಾಗದು.' ಎಲ್ಲಕ್ಕೂ ಒಂದೇ ನಕ್ಷತ್ರ.

ಬೇರೆಯವರಾಗಿದ್ದರೆ ನಕ್ಕು ಬಿಡುತ್ತಿದ್ದರು. ಭಾಮಾಬಾಯಿಗೆ ಹಾಗೆ ಬಿಡಲಾಗಲಿಲ್ಲ. ಮನೆಗೆ ಬಂದವರು ಬೇಸರಪಟ್ಟುಕೊಂಡು ಹೋದದ್ದು ಆಕೆಯ ತವರಿನಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ. ಕನ್ನಡಕ ಏರಿಸಿ ಒಬ್ಬೊಬ್ಬರಿಗೂ ಉತ್ತರ ಬರೆದಳು: 'ತಮಗಾದ ತೊಂದರೆಗೆ ಕ್ಷಮೆಯಿರಲಿ. ಗೊರಕೆಯವರನ್ನು ಎಡಮಗ್ಗುಲಿಗೆ ಮಲಗಿಸಿ ನೋಡಿ.'

"ನೀ ಯಾಕ ಮಾಫಿ ಕೇಳಾಕತ್ತಿ?" ಶ್ರೀರಾಮರಾಯ ಕೇಳಿದ. "ಗಾಡಿ ನಿಂದೇನು?"

"ನಮ್ಮ ಮನಿ ಹಿಂದ ನಿಂತದ ಅಲ್ರೀ!"

ಕ್ಷಮೆ ಕೇಳುವವರು ಸಿಕ್ಕರೆಂದು ಜನರಿಗೆ ಭಾಳ ಸಮಾಧಾನವಾಯಿತು. ಆ್ಯಪಿನಲ್ಲಿದ್ದ ನಂಬರಿಗೆ ಫೋನು ಮಾಡತೊಡಗಿದರು. ಗಾಡಿ ಯಾವಾಗ ಬಿಡುತ್ತೀರೆಂದು ಯಾರಾದರೂ ಗದರಿಸಿದರೆ ಭಾಮಾಬಾಯಿ ಲಟ್ಟಣಿಗೆ ಕೆಳಗಿಟ್ಟು ಹಿತ್ತಲಿಗೆ ಓಡುವಳು. "ಸಿಗ್ನಲ್ ಇನ್ನಾ ಕೆಂಪ ಅದರಿ. ಊಟಾ ಆಗೇದೇನ್ರಿ ನಿಮ್ಮದು?" ನಕ್ಷತ್ರಗಳು ನಾಲ್ಕಕ್ಕೇರಿದವು. ಗಿರಾಕಿ ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಆ್ಯಪು, ಇದು ಎಂಥ ಜಾಗವೆಂದು ಬಂದವರನ್ನೇ ಕೇಳಿತು. ರೈಲಿನಲ್ಲಿದ್ದವರು ಇನ್ನೇನು ಹೇಳಿಯಾರು? ನಕಾಶೆಯಲ್ಲಿ ಚಮಚದ ಗುರುತು ಹೋಗಿ ಎಂಜಿನ್ನಿನ ಗುರುತು ಬಂತು. ಭಾಮಾ ಖಾನಾವಳಿ ರೈಲ್ವೆ ಸ್ಟೇಶನ್ನಾಯಿತು.

ಇದು ಮನೆಯವರಿಗೆ ತಿಳಿದದ್ದು ಚಿಂಚೋಳಿ ಕಡೆಯ ಗೊಲ್ಲಾಳಪ್ಪ ಬಳಗ ಕಟ್ಟಿಕೊಂಡು ಅಂಗಳಕ್ಕೆ ಬಂದಿಳಿದಾಗ. ಸೋಲಾಪುರಕ್ಕೆ ಹೆಣ್ಣು ನೋಡಲು ಹೊರಟವರು. ಟ್ರಂಕಿನ ಮೇಲೆ ಕೂತು ಬೆವರು ಒರೆಸಿಕೊಂಡ ಗೊಲ್ಲಾಳಪ್ಪ, ಜೋಳ ಹಸನು ಮಾಡುತ್ತಿದ್ದ ಶ್ರೀರಾಮರಾಯನನ್ನು ಕೇಳಿದ:

"ಸಾಹೇಬ್ರ, ಸೋಲಾಪುರ ಗಾಡಿ ಎಷ್ಟನೇ ಫ್ಲಾಟ್‌ಫಾರ್ಮಿಗೆ ಬರ್ತದರಿ?"

"ಇದು ನಮ್ಮ ಮನಿರಿ."

"ಕ್ವಾರ್ಟರ್ಸು ಇರ್ಲಿರಿ. ಟೇಸನ್ ಎಲ್ಲದ?"

ಫೋನು ತೋರಿಸಿದ. ಅಷ್ಟರಲ್ಲಿ ಹಿತ್ತಲ ಹಿಂದೆ ರೈಲೊಂದು ಬಂದು ನಿಂತಿತು. "ನೋಡ್ರಿ, ಬಂತು!" ಎಂದು ಬಳಗವೆಲ್ಲ ಅಡುಗೆಮನೆಯೊಳಗಿಂದ ಹಿತ್ತಲಿಗೆ ನುಗ್ಗಿತು. ಭಾಮಾಬಾಯಿ ಹಿಟ್ಟಿನ ಕೈಯನ್ನು ಅಗಲಿಸಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. ಮೂವತ್ತು ವರ್ಷ ಒಂದನೇ ಇಯತ್ತೆಯ ಮಕ್ಕಳನ್ನು ಅಂಕೆಯಲ್ಲಿಟ್ಟ ದನಿ ಗಂಟಲಿಗೆ ಬಂತು.

"ಯಾರೂ ಹಳಿ ಮ್ಯಾಲ ಇಳೀಬ್ಯಾಡ್ರಿ! ಸಾಲಾಗಿ ಕುಂದ್ರಿ! ನಿಮ್ಮ ಗಾಡಿಗಿ ಇನ್ನಾ ಟೈಮ್ ಅದ, ಮೊದ್ಲ ಉಣ್ರಿ."

ಎಲ್ಲರೂ ಸಾಲಾಗಿ ಕೂತರು. ರೊಟ್ಟಿ ಸಾಲದೆ ಗೊಲ್ಲಾಳಪ್ಪನ ಹೆಂಡತಿ ಮಹಾದೇವಮ್ಮ ತಾನೂ ಸೆರಗು ಸಿಕ್ಕಿಸಿ ತಟ್ಟಲು ಕೂತಳು. ಕಡೆಗೆ ಪಕ್ಕದ ಓಣಿಯ ಗುಲಾಮ್ ರಸೂಲ್‌ನ ಆಟೊ ಹೇರಿ ಹೇರಿ ಅವರನ್ನು ನಿಜವಾದ ಸ್ಟೇಶನ್ನಿಗೆ ಮುಟ್ಟಿಸಿತು. ಹೋಗುವಾಗ ಗೊಲ್ಲಾಳಪ್ಪ, "ಹಿಂಗಿರಬೇಕ ನೋಡ್ರಿ ಟೇಸನ್ ಅಂದ್ರ," ಎಂದು ಕೈಮುಗಿದ.

ಆಮೇಲೆ ಸೇಡಂನವರು ಬಂದರು, ಚಿತ್ತಾಪುರದವರು ಬಂದರು, ಶಹಾಬಾದದಿಂದ ಯಾರೋ ಬಂಧುಗಳನ್ನು ಕರೆದೊಯ್ಯಲು ಹೂವಿನ ಹಾರ ಹಿಡಿದು ಬಂದರು. ಎಲ್ಲರಿಗೂ ಎಲೆ ಬಿತ್ತು. ಭಾಮಾಬಾಯಿಗೆ ಮಾತ್ರ ಸುಳ್ಳಿನ ಅನ್ನವೆನಿಸಿ, ಗುರುತು ಬದಲಿಸೆಂದು ವಂದನಾಗೆ ಹೇಳಿದಳು. ವಂದನಾ ಬರೆದು ಬರೆದು ಸೋತಳು. ಇಷ್ಟು ಜನ ಹೇಳಿದ ಮೇಲೆ ಇದು ಸ್ಟೇಶನ್ನೇ ಎಂದು ಆ್ಯಪಿನವರು ಪಟ್ಟು ಹಿಡಿದಿದ್ದರು.

ಕೊನೆಗೆ ಭಾಮಾಬಾಯಿ ದುಂಡಕ್ಷರದಲ್ಲಿ ತಾನೇ ಬೋರ್ಡು ಬರೆದು ಗೇಟಿಗೆ ಕಟ್ಟಿದಳು: 'ಇದು ರೈಲು ನಿಲ್ದಾಣವಲ್ಲ. ಊಟ ತಯಾರಿದೆ.'

ಸಾಮಾನು ಹೊತ್ತು ಬಂದವರು ಅದನ್ನು ಓದುತ್ತಾರೆ, ಫೋನಿಗೆ ಬೈಯುತ್ತಾರೆ, ಬಿಸಿಲು ನೋಡುತ್ತಾರೆ, ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ.